ನೂರಾ ನಾಲ್ಕು ಪರ್ಸೆಂಟ್

ನೂರಾ ನಾಲ್ಕು. ಭವ್ಯ ಲೆಕ್ಕವನ್ನು ಎರಡನೇ ಸಲ ಮಾಡಿದಳು. ಮತ್ತೆ ಅಷ್ಟೇ ಬಂತು.

ಐವತ್ತು ಕಿಲೋ ಗೊಬ್ಬರದ ಚೀಲ ಒಂದು ಮೀಟರ್ ಏರಲು ಅವಳು ಎಳೆದ ಹಗ್ಗ ನಾಲ್ಕು ಮೀಟರ್. ಹಗ್ಗದ ತುದಿಯ ಸ್ಪ್ರಿಂಗ್ ತಕ್ಕಡಿ ತೋರಿಸಿದ್ದು ಹನ್ನೆರಡು ಕಿಲೋ. ಅಂದರೆ ಹಾಕಿದ್ದು ಹನ್ನೆರಡರ ನಾಲ್ಕು ಪಟ್ಟು, ನಲವತ್ತೆಂಟು; ಬಂದದ್ದು ಐವತ್ತು. ಹಾಕಿದ್ದಕ್ಕಿಂತ ಹೆಚ್ಚು ವಾಪಸು ಕೊಡುವ ರಾಟೆಯನ್ನು ಭೂಮಿಯ ಮೇಲೆ ಯಾರೂ ಮಾಡಿಲ್ಲ. ನರಸಿಂಹರಾಜಪುರದ ವೆಲ್ಡರ್ ಷಡಕ್ಷರಿ ಮಾಡಿರುವ ಸಂಭವವಂತೂ ಇರಲಿಲ್ಲ.

ಭಂಡಿಗಡಿಯ ಗೋದಾಮಿಗೆ ಇಂಥ ಆರು ರಾಟೆ ಬೇಕಿತ್ತು. ದಕ್ಷತೆ ಎಪ್ಪತ್ತೈದು ಪರ್ಸೆಂಟ್ ಇದ್ದರೆ ಪಾಸು. ಪರೀಕ್ಷಿಸಿ ಸಹಿ ಹಾಕಬೇಕಾದವಳು ಕೊಪ್ಪದ ಮೆಕ್ಯಾನಿಕಲ್ ಮೇಡಂ ಭವ್ಯ. ಮೂರು ವಾರದಿಂದ ಈ ಮನುಷ್ಯ ಕೇಳದೆಯೇ ಅವಳಿಗೆ ಸಕ್ಕರೆ ಕಡಿಮೆ ಕಾಫಿ ತರಿಸುತ್ತಿದ್ದ, ಅವಳ ಸ್ಕೂಟರನ್ನು ನೆರಳಿಗೆ ತಳ್ಳಿಡುತ್ತಿದ್ದ. ಎಲ್ಲ ಈ ಸಹಿಗಾಗಿ ಎಂಬುದು ಈಗ ಅರ್ಥವಾಯಿತು. ಅರ್ಥವಾದದ್ದಕ್ಕೆ ಎದೆಯಲ್ಲಿ ಚುರುಕ್ ಎಂದದ್ದು ಯಾಕೆಂದು ಮಾತ್ರ ಅರ್ಥವಾಗಲಿಲ್ಲ.

ಚೀಲ ತೂಗಿಸಿದಳು, ಸರಿಯಾಗಿ ಐವತ್ತು. ತಕ್ಕಡಿಗೆ ತೂಕದ ಬಟ್ಟು ನೇತುಹಾಕಿದಳು, ಅದೂ ಸರಿ. ಹಗ್ಗವನ್ನು ಟೇಪು ಹಿಡಿದು ಅಳೆದಳು. ಷಡಕ್ಷರಿ ಮಾತ್ರ ಚೀಲದ ಪಕ್ಕ ಸಾಧುವಿನಂತೆ ನಿಂತಿದ್ದ, ಓಲಾಡದಿರಲಿ ಎಂದು ಅದಕ್ಕೆ ಕೈ ಆನಿಸಿಕೊಂಡು.

ಭವ್ಯ ಆ ಕೈಯನ್ನೇ ನೋಡಿದಳು.

"ನೀವು ಸ್ವಲ್ಪ ಬಾಗ್ಲ ಹತ್ರ ನಿಂತ್ಕಳಿ."

"ಚೀಲ ಓಲಾಡ್ತದೆ ಮೇಡಂ."

"ಓಲಾಡ್ಲಿ ಮಾರಾಯ್ರೆ."

ಎಳೆದಳು. ಮುಳ್ಳು ಹದಿನಾರಕ್ಕೆ ಬಂತು. ಎಪ್ಪತ್ತೆಂಟು ಪರ್ಸೆಂಟ್.

"ಅಡಿಯಿಂದ ಎತ್ತಿಕೊಡ್ತಿದ್ರಿ. ಪಾಸಾಗ್ಲಿ ಅಂತ?"

"ಎಪ್ಪತ್ತೆಂಟು ಬರ್ತದೆ ಅಂತ ಗೊತ್ತಿತ್ತು. ಅಂಗಡೀಲಿ ಹತ್ತು ಸಲ ನೋಡಿದೀನಿ."

"ಮತ್ತೆ ಎಂತಕ್ಕೆ?"

ಅವನು ಅವಳ ಬಲಗೈ ನೋಡಿದ. ಸೋಮವಾರ ಸ್ಕೂಟರ್ ಜಾರಿ ಉಳುಕಿದ ಮಣಿಕಟ್ಟು. ಬ್ಯಾಂಡೇಜು ಯಾರಿಗೂ ಕಾಣಬಾರದೆಂದೇ ಅವಳು ಉದ್ದ ತೋಳಿನ ಚೂಡಿದಾರ ಹಾಕಿ ಬಂದಿದ್ದಳು.

"ಆ ಕೈಲಿ ಎಳೀತಿದ್ರಿ. ಬೇಡ ಅಂದ್ರೆ ನೀವು ಕೇಳೋರಲ್ಲ."

ಭವ್ಯ ಫಾರಂನಲ್ಲಿ ನೂರಾ ನಾಲ್ಕನ್ನು ಹೊಡೆದುಹಾಕಿ ಎಪ್ಪತ್ತೆಂಟು ಬರೆದು ಸಹಿ ಮಾಡಿದಳು. ಬರೆದು ಮುಗಿಯುವವರೆಗೂ ತಲೆಯೆತ್ತಲಿಲ್ಲ. ಆಮೇಲೆ, ಇನ್ನೊಂದು ಸಲ ನೋಡೋಣ, ಹಗ್ಗ ನೀವೇ ಎಳೆಯಿರಿ ಎಂದಳು.

ಷಡಕ್ಷರಿ ಎಳೆದು ಮುಳ್ಳು ನೋಡಿದ. ಹುಬ್ಬು ಗಂಟಿಕ್ಕಿತು. ಅನುಮಾನ ಈಗ ಅವನ ಪಾಲಿಗೆ ಬಂದಿತ್ತು.

"ಹದಿಮೂರೇ ತೋರಿಸ್ತಿದೆಯಲ್ಲ ಮೇಡಂ?"

ಭವ್ಯ ಚೀಲದ ಪಕ್ಕ ಸಾಧುವಿನಂತೆ ನಿಂತಿದ್ದಳು, ನೋವಿಲ್ಲದ ಎಡಗೈಯನ್ನು ಅದರ ಅಡಿಗೆ ಕೊಟ್ಟು.

"ಓಲಾಡದೆ ಇರ್ಲಿ ಅಂತ ಹಿಡಿದೆ," ಎಂದಳು. "ಇದನ್ನ ಫಾರಂನಲ್ಲಿ ಬರೆಯೋದು ಬೇಡ."