ಸಂಬಂಧ: ಪತ್ನಿ

"ನಾನು... ನಿಮ್ಮ ಹೆಂಡತಿಯಾ?!"

ಕೇಳಿದ ಮೇಲೆ ಮೆರಿಲ್‌ಗೆ ಅದು ತನ್ನದೇ ದನಿಯೆಂದು ನಂಬಲಾಗಲಿಲ್ಲ. ಮಸ್ಕತ್‌ನ ಘಾಲಾದಲ್ಲಿರುವ ಆ ವಾಹನ ಬಿಡಿಭಾಗಗಳ ಕಂಪನಿಗೆ ಸೇರಿ ಹನ್ನೊಂದು ತಿಂಗಳು. ಅಷ್ಟು ದಿನಗಳಲ್ಲಿ ಶೆಲ್ಡನ್‌ನ ಜೊತೆ ಅವಳು ಆಡಿದ್ದು 'ಗುಡ್ ಮಾರ್ನಿಂಗ್' ಮತ್ತು 'ಥ್ಯಾಂಕ್ಸ್' ಮಾತ್ರ. ಅದೂ ನೆಲ ನೋಡಿಕೊಂಡು!

ಅವನ ಕೈಯ ಸುಲೈಮಾನಿ ಚಹಾದ ಲೋಟ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು.

"ಏ... ಏನು ಹೇಳಿದ್ರಿ?"

ಅವಳು ಮೊಬೈಲ್ ಚಾಚಿದಳು. ವಿಮಾನ ಕಂಪನಿಯ ಸಂದೇಶ. ಶೆಲ್ಡನ್ ಡಿಸೋಜಾ ಅವರ ಕುಟುಂಬ ಖಾತೆಗೆ ಸ್ವಾಗತ. ಹೊಸ ಸದಸ್ಯೆ: ಮೆರಿಲ್ ಡಿಸೋಜಾ. ಸಂಬಂಧ: ಪತ್ನಿ.

ಶೆಲ್ಡನ್ ಬಿಳಿಚಿಕೊಂಡ. "ಅಯ್ಯೋ ದೇವಾ! ಮೆಸೇಜ್ ನಿಮಗೂ ಬರ್ತದಾ?!"

ಅಂದರೆ... ಗೊತ್ತಿದ್ದೇ ಮಾಡಿದ್ದಾನೆ!

ಆಫೀಸಿನಲ್ಲಿ ಅವನಿಗೆ 'ಪಾಯಿಂಟ್ ಬಾಬ್' ಎಂದೇ ಹೆಸರು. ಎಲ್ಲರೂ ಸೇರಿ ಊಟಕ್ಕೆ ಹೋದರೆ ಎಲ್ಲರ ನಗದು ತಾನು ಪಡೆದು, ಬಿಲ್ಲಿಗೆ ತನ್ನ ಕ್ರೆಡಿಟ್ ಕಾರ್ಡ್ ಉಜ್ಜಿ ವಿಮಾನದ ಟಿಕೆಟ್‌ಗೆಂದು ಪಾಯಿಂಟ್ ಕೂಡಿಸುವವನು. ಪಾಯಿಂಟ್‌ಗೆ ಬದಲಾಗಿ ಮಿಕ್ಸಿ ಕೊಡುತ್ತೇವೆಂದು ಬ್ಯಾಂಕಿನವರು ಕರೆ ಮಾಡಿದರೆ, "ಮಿಕ್ಸಿಯಲ್ಲಿ ಕೂತು ಮಂಗಳೂರಿಗೆ ಹೋಗ್ಲಿಕ್ಕಾಗ್ತದಾ?" ಎಂದು ಫೋನ್ ಇಡುವವನು.

ಪಕ್ಕದ ಮೇಜಿನ ಫ್ಲೋಯ್ಡ್ ಕುರ್ಚಿಯಲ್ಲೇ ಉರುಳಿಕೊಂಡು ಬಂದು ಇಣುಕಿದ.

"ಓಹೋ! ಹೆಂಡ್ತಿಯನ್ನು ಸೇರಿಸಿದ್ರೆ ಐದು ಸಾವಿರ ಪಾಯಿಂಟ್ ಬೋನಸ್ ಉಂಟಲ್ಲ! ನಮ್ಮ ಬಾಬ್ ಬಿಡ್ತಾನಾ?"

ಬೋನಸ್... ತಾನೊಂದು ಬೋನಸ್!

ಮೆರಿಲ್‌ಳ ಕಣ್ಣು ತುಂಬಿತು. ಶೆಲ್ಡನ್ ಏನೋ ಹೇಳಲು ಎದ್ದ. ಅವಳು ನಿಲ್ಲಲಿಲ್ಲ. ನೇರ ಪ್ಯಾಂಟ್ರಿಗೆ ಓಡಿ ಬಾಗಿಲು ಹಾಕಿಕೊಂಡಳು.

ಸೋಮವಾರ ಇದೇ ಪ್ಯಾಂಟ್ರಿಯಲ್ಲಿ ಬೇರೆಯದಕ್ಕೆ ಅತ್ತಿದ್ದಳು. ಅಕ್ಕ ಕ್ಯಾರೋಲಿನ್‌ಳ ಮದುವೆ ಕ್ರಿಸ್ಮಸ್ ಕಳೆದ ಕೂಡಲೇ ನಿಶ್ಚಯವಾಗಿತ್ತು. ರಜೆ ಸಿಕ್ಕಿತ್ತು, ಟಿಕೆಟ್ ದರ ಮಾತ್ರ ಮೂರು ಪಾಲು ಏರಿತ್ತು. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಅಕ್ಕನ ತಲೆಗೆ ತೆಂಗಿನ ಹಾಲು ಹಚ್ಚಲು ಒಡಹುಟ್ಟಿದವಳೇ ಇಲ್ಲದಿದ್ದರೆ ಹೇಗೆ? ಕಡಿಮೆಯ ಟಿಕೆಟ್ ಇದ್ದರೆ ನೋಡಲಿ ಎಂದು ಫ್ಲೋಯ್ಡ್‌ನ ಕೈಯಲ್ಲೇ ಪಾಸ್‌ಪೋರ್ಟ್ ಪ್ರತಿಯನ್ನು ಶೆಲ್ಡನ್‌ಗೆ ಕಳುಹಿಸಿದ್ದಳು. ಅದನ್ನೇ ಹೀಗೆ ಬಳಸಿಕೊಂಡನಲ್ಲ...

ಬಾಗಿಲು ಬಡಿದ ಸದ್ದು.

"ಮೆರಿಲ್, ಬಾಗಿಲು ತೆಗಿ ಮಾರಾಯ್ತಿ." ಫ್ಲೋಯ್ಡ್‌ನ ದನಿಯಲ್ಲಿ ತಮಾಷೆ ಇರಲಿಲ್ಲ. "ಬೋನಸ್ ಗೀನಸ್ ಎಲ್ಲ ನಾನು ಸುಮ್ಮನೆ ಹೇಳಿದ್ದು. ಪ್ರಿಂಟರ್‌ನಲ್ಲಿ ಇದು ಬಂದಿದೆ, ನೋಡು."

ಅವಳು ಕಾಗದ ತೆಗೆದುಕೊಂಡಳು. ಮಸ್ಕತ್‌ನಿಂದ ಮಂಗಳೂರಿಗೆ, ಡಿಸೆಂಬರ್ ಇಪ್ಪತ್ಮೂರು. ಹೋಗಿ ಬರುವ ಟಿಕೆಟ್. ಹೆಸರು... ಮೆರಿಲ್ ಡಿಸೋಜಾ!

"ಇದು... ಯಾರು..."

"ಮತ್ಯಾರು? ಬಾಬ್! ಈಗ ಅವನನ್ನೇ ಕೇಳಿದೆ. ಅದೇ ಫ್ಲೈಟಿಗೆ ಅವನ ಟಿಕೆಟ್ ಇತ್ತು. ಮೂರು ವರ್ಷ ಆಯ್ತು ಊರಿಗೆ ಹೋಗದೆ. ಈಗ ಕ್ಯಾನ್ಸಲ್ ಮಾಡಿದ್ದಾನೆ! ವಾಪಸ್ ಬಂದ ಪಾಯಿಂಟ್‌ನಲ್ಲೇ ನಿಂದು ತೆಗೆದದ್ದು. ಅವನ ಖಾತೆಯಲ್ಲಿ ಉಳಿದದ್ದು ಎಷ್ಟು ಗೊತ್ತುಂಟಾ? ಮೂವತ್ತೆಂಟು ಪಾಯಿಂಟ್! ಒಂದು ಚಾ ಸಹ ಬರುದಿಲ್ಲ."

ಅವಳು ಕಾಗದ ಹಿಡಿದುಕೊಂಡೇ ಹೊರಗೆ ಓಡಿದಳು.

ಶೆಲ್ಡನ್ ಹೊರಗೆ ಕಂಪನಿಯ ಪಿಕಪ್‌ನ ಪಕ್ಕ ನಿಂತಿದ್ದ. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹತ್ತಿರ ಬಂದಳು.

"ನಿಮ್ಮ ಮನೆಯಲ್ಲಿ ಏನು ಹೇಳಿದ್ರಿ?"

"ರಜೆ ಸಿಗ್ಲಿಲ್ಲ ಅಂತ."

"ಯಾಕೆ ಹೀಗೆ ಮಾಡಿದ್ರಿ?"

"ಅದು... ಇಂಥ ಸೀಸನ್‌ನಲ್ಲೇ ಪಾಯಿಂಟ್‌ಗೆ ನಿಜವಾದ ಬೆಲೆ ಬರುದು. ಟಿಕೆಟ್ ರೇಟ್ ಎಷ್ಟು ಏರಿದ್ರೂ ಈ ಕಂಪನಿಯವರು ಪಾಯಿಂಟ್ ಅಷ್ಟೇ ಕೇಳ್ತಾರೆ. ಹಾಗಾಗಿ ಲೆಕ್ಕ ಹಾಕಿದ್ರೆ..."

"ನಾನು ಪಾಯಿಂಟ್ ಬಗ್ಗೆ ಕೇಳಿದ್ದಲ್ಲ."

ಅವನು ತಲೆ ತಗ್ಗಿಸಿದ. "ಕುಟುಂಬದವರಿಗೆ ಮಾತ್ರ ತೆಗೆಯಬಹುದು ಅಂದ್ರು. ಫೋನ್‌ನಲ್ಲಿ ಇದ್ದ ಹುಡುಗಿ ಇಬ್ಬರ ಸರ್‌ನೇಮ್ ನೋಡಿದ್ಲು. ನಮ್ಮ ಇಗರ್ಜಿಯಲ್ಲಿ ಡಿಸೋಜಾ ಅಂತ ಕೂಗಿದ್ರೆ ಅರ್ಧ ಜನ ತಿರುಗಿ ನೋಡ್ತಾರೆ ಅಂತ ಅವಳಿಗೇನು ಗೊತ್ತು? ಸಿಸ್ಟರಾ, ವೈಫಾ ಅಂತ ಕೇಳಿದ್ಲು, ಅಷ್ಟೇ."

"ಸಿಸ್ಟರ್ ಅಂದ್ರೆ ಮುಗೀತಿತ್ತಲ್ಲ! ಯಾರಿಗೂ ಏನೂ ಅನ್ನಿಸ್ತಿರ್ಲಿಲ್ಲ."

ಅವನು ಪಿಕಪ್‌ನ ಕನ್ನಡಿಯ ಧೂಳು ಒರೆಸಿದ.

"ಬಾಯಿ ಬರ್ಲಿಲ್ಲ, ಮೆರಿಲ್."

ಒಂದು ಲಾರಿ ಹಾರ್ನ್ ಹಾಕಿಕೊಂಡು ಹೋಯಿತು. ಅವಳಿಗೆ ಅದು ಕೇಳಿಸಲೇ ಇಲ್ಲ.

"ನಿಮ್ಮನ್ನು ಕೇಳದೆ ಮಾಡಿದ್ದು ನನ್ನ ತಪ್ಪು," ಅವನು ಅವಸರವಸರವಾಗಿ ಹೇಳಿದ. "ಈಗಲೇ ವಿಮಾನ ಕಂಪನಿಗೆ ಫೋನ್ ಮಾಡಿ ನಿಜ ಹೇಳ್ತೇನೆ. ಅವರು ಟಿಕೆಟ್ ಕ್ಯಾನ್ಸಲ್ ಮಾಡಿದ್ರೆ ಬೇರೆ ಏನಾದ್ರೂ ದಾರಿ ನೋಡುವ..."

"ಕೇಳಿದ್ದಿದ್ರೆ..."

"ಕೇಳಿದ್ದಿದ್ರೆ?"

"ಬಾಯಲ್ಲಿ ಹೇಳ್ಲಿಕ್ಕೆ ನನಗೆಲ್ಲಿ ಬರ್ತದೆ? ತಲೆ ಆಡಿಸ್ತಿದ್ದೆ."

"ಹೌದು ಅಂತಲಾ... ಅಲ್ಲ ಅಂತಲಾ?"

ಮೆರಿಲ್ ಮೊದಲ ಬಾರಿಗೆ ಅವನ ಕಣ್ಣನ್ನೇ ನೋಡುತ್ತ ತಲೆ ಆಡಿಸಿದಳು. ಮೇಲಿಂದ ಕೆಳಕ್ಕೆ. ಮೆಲ್ಲಗೆ.

ಈಗ ಬೆಚ್ಚಿಬೀಳುವ ಸರದಿ ಅವನದಾಗಿತ್ತು! ಪಿಕಪ್‌ಗೆ ಕೈ ಊರಿ ನಿಂತ. ಲೋಹ ಸುಡುತ್ತಿದ್ದುದೂ ಅವನಿಗೆ ತಿಳಿಯಲಿಲ್ಲ.

"ಟಿಕೆಟ್ ಯಾರು ಕೊಟ್ಟದ್ದು ಅಂತ ಮಮ್ಮಿ ಕೇಳಿದ್ರೆ?" ಅವಳು ಪಿಸುಗುಟ್ಟಿದಳು.

"ನಾನೇ ಬಂದು ಹೇಳ್ತೇನೆ. ಜನವರಿ ಮೊದಲ ವಾರ, ಸಂಬಳ ಆದ ಕೂಡ್ಲೇ. ನಿಮ್ಮ ರಜೆ ಮುಗಿಯುವ ಮೊದಲು."

"ನಿಮ್ಮ ಹತ್ರ ಮೂವತ್ತೆಂಟೇ ಪಾಯಿಂಟ್ ಇರುದಲ್ವಾ?!"

"ದುಡ್ಡು ಕೊಟ್ಟು ಬರ್ತೇನೆ."

"ಪಾಯಿಂಟ್ ಬಾಬ್... ದುಡ್ಡು ಕೊಟ್ಟು ವಿಮಾನ ಹತ್ತುದಾ?!"

"ಹೂಂ. ಪೂರಾ ದುಡ್ಡು." ಅವನ ತುಟಿ ನಗುತ್ತಿತ್ತು, ಕಣ್ಣು ತೇವವಾಗಿತ್ತು. "ಬೇಡವಾ?"

"ಬೇಡ ಅಂದ್ನಾ ನಾನು?" ಕೆನ್ನೆ ಕೆಂಪಾದರೂ ಅವಳು ಮುಖ ತಗ್ಗಿಸಲಿಲ್ಲ. "ಬಜ್ಪೆ ಏರ್‌ಪೋರ್ಟಿನಲ್ಲಿ ಇಳಿದು ಫೋನ್ ಮಾಡಿ. ಕರ್ಕೊಂಡು ಹೋಗ್ಲಿಕ್ಕೆ ನಾನೇ ಬರ್ತೇನೆ."