ಕರೆಗಂಟೆಗೆ ಏಳದ ಮನೆ

ತಂಗಿ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತಾಗ ಅವಳ ಕೈಗಳು ಇನ್ನೂ ಒದ್ದೆಯಾಗಿದ್ದವು. ಮಗುವನ್ನು ಮುಟ್ಟಕೂಡದೆಂದು ಹೇಳಿದ ಮೇಲೂ ಅವಳು ಕೈ ತೊಳೆಯುವುದನ್ನು ಬಿಟ್ಟಿರಲಿಲ್ಲ. ಬೆರಳ ಸಂದಿಯ ಚರ್ಮ ಸುಲಿದು ಕೆಂಪಾಗಿತ್ತು.

"ಅಕ್ಕಾ, ನಾಡಿದ್ದು ಪುಟ್ಟನ್ನ ಕರ್ಕೊಂಡು ಹೋಗ್ತಾರಂತೆ," ಎಂದಳು. "ನಾನೇ ಅವನಿಗೆ ಏನೋ ಹಾಕ್ತಿದೀನಿ ಅಂತ ಡಾಕ್ಟರಿಗೆ ಅನುಮಾನ."

ಅಕ್ಕ ಆ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿದ್ದಳು. ತಂಗಿಯ ಮೊದಲ ಮಗು ವರ್ಷ ತುಂಬುವ ಮುಂಚೆಯೇ ತೀರಿಕೊಂಡಿತ್ತು. ಈಗ ಪುಟ್ಟನಿಗೂ ಅದೇ ಕೆಮ್ಮು, ಅದೇ ಜ್ವರ, ಬಾಯೊಳಗೆ ಅದೇ ಬಿಳಿ ಪದರ. ಜೊತೆಗೆ, ಮನುಷ್ಯರ ರಕ್ತದಲ್ಲಿ ಕಾಣಬಾರದ ಒಂದು ಸೂಕ್ಷ್ಮಾಣು ಅವನ ರಕ್ತದಲ್ಲಿ ಸಿಕ್ಕಿತ್ತು. ಮಕ್ಕಳ ಡಾಕ್ಟರು ಅವನ ರೋಗನಿರೋಧಕ ಕೋಶಗಳನ್ನು ಒಟ್ಟಾಗಿ ಎಣಿಸಿದ್ದರು, ಅವು ಎಚ್ಚೆತ್ತುಕೊಳ್ಳುತ್ತವೆಯೇ ಎಂದೂ ನೋಡಿದ್ದರು. ಎರಡೂ ಸರಿಯಾಗಿದ್ದವು. ಮಗುವಿನ ಮೈ ಸರಿಯಿದ್ದರೆ ಉಳಿಯುವುದು ಹಾಲು ಕುಡಿಸುವ ಕೈ. ಅವರು ಮಕ್ಕಳ ರಕ್ಷಣಾ ಅಧಿಕಾರಿಗೆ ತಿಳಿಸಿದ್ದರು. ಅಂದಿನಿಂದ ತಾಯಿ ಗಾಜಿನಾಚೆ ನಿಂತೇ ಮಗುವನ್ನು ನೋಡಬೇಕಿತ್ತು.

ಅಕ್ಕ ಅವಳನ್ನು ಒಳಕೋಣೆಗೆ ಕರೆದೊಯ್ದಳು. ಅಲ್ಲಿದ್ದವರು ಪ್ರಯೋಗಾಲಯದ ಮುಖ್ಯಸ್ಥೆ. ಮೂಗಿನ ಮೇಲೊಂದು, ತಲೆಯ ಮೇಲೊಂದು ಕನ್ನಡಕವಿಟ್ಟು ಮೂರನೆಯದನ್ನು ಹುಡುಕುವ ಈ ಹಿರಿಯರನ್ನು ಎಲ್ಲರೂ ದುರ್ಬೀನಮ್ಮ ಎನ್ನುತ್ತಿದ್ದರು. ಯಾರಿಗೂ ಬಗೆಹರಿಯದ್ದು ಕೊನೆಗೆ ಅವರ ಮೇಜಿಗೇ ಬರುತ್ತಿತ್ತು.

ಎಲ್ಲ ಕೇಳಿಸಿಕೊಂಡು ದುರ್ಬೀನಮ್ಮ ಎರಡೇ ಪ್ರಶ್ನೆ ಕೇಳಿದರು. ಮೊದಲ ಮಗುವಿಗೆ ಕಾಯಿಲೆ ಶುರುವಾದಾಗ ತಾಯಿ ಎಲ್ಲಿದ್ದಳು? ತಂಗಿ ಟೈಫಾಯ್ಡಿನಲ್ಲಿ ಆಸ್ಪತ್ರೆ ಸೇರಿದ್ದಳು, ಮಗು ಅತ್ತೆಯ ಹತ್ತಿರವಿತ್ತು. ಗಂಡ ಹೊರಗಿನವನೋ, ಸಂಬಂಧಿಯೋ? ಸ್ವಂತ ಸೋದರಮಾವನ ಮಗ.

"ಪುಟ್ಟನ ರಕ್ತ ತರಿಸು," ಎಂದರು ಅಕ್ಕನಿಗೆ.

ಹೊರಗೆ ಬರುವಾಗ ತಂಗಿ ಅಕ್ಕನ ತೋಳು ಹಿಡಿದು ನಿಲ್ಲಿಸಿದಳು. "ಅಕ್ಕಾ, ನಿದ್ದೆಗಣ್ಣಲ್ಲಿ ನಾನೇ ಏನಾದ್ರೂ ಮಾಡಿಬಿಟ್ಟಿರ್ಬಹುದಾ?"

ಅಲ್ಲವೆಂದು ತಕ್ಷಣ ಹೇಳಬೇಕಿತ್ತು. ಅಕ್ಕನ ನಾಲಿಗೆ ಏಳಲಿಲ್ಲ. ತಂಗಿ ಅವಳ ಮುಖ ನೋಡಿ ತೋಳು ಬಿಟ್ಟಳು.

ಪರೀಕ್ಷೆಗೆ ಆರೋಗ್ಯವಂತರೊಬ್ಬರ ರಕ್ತವೂ ಬೇಕು. ಕೈಗೆ ಸಿಕ್ಕವರು ರಕ್ತ ಕೊಡಲು ಅಂಗಿಯ ತೋಳು ಮಡಚುವುದು ಅಲ್ಲಿನ ರೂಢಿ. ಅಂದು ಅಕ್ಕನೇ ಮಡಚಿದಳು. ಮೊದಲು ಕೋಶಗಳನ್ನು ಬಗೆಬಗೆಯಾಗಿ ವಿಂಗಡಿಸಿ ಎಣಿಸಿದಳು. ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳ ಒಟ್ಟು ಲೆಕ್ಕ ಪುಟ್ಟನಲ್ಲಿ ಸರಿಯಿತ್ತು. ಸಹಾಯಕ ಟಿ ಕೋಶಗಳು ಬೇಕಾದಷ್ಟಿದ್ದವು. ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಟಿ ಕೋಶಗಳಿರಬೇಕಾದ ಜಾಗ ಮಾತ್ರ ಪರದೆಯ ಮೇಲೆ ಬರಿದಾಗಿತ್ತು.

ಆಮೇಲೆ ಟಿ ಕೋಶದ ಮೈಮೇಲಿದ್ದು ರೋಗಾಣುವನ್ನು ಗುರುತಿಸುವ ಗ್ರಾಹಿಯನ್ನು ಕೆಣಕುವ ದ್ರವ ಹಾಕಿದಳು. ಅಕ್ಕನ ಕೋಶಗಳು ಎಚ್ಚೆತ್ತು ಪರದೆಯ ಮೇಲೆ ಬೆಳಗಿದವು. ಪುಟ್ಟನವು ಕತ್ತಲಾಗಿಯೇ ಉಳಿದವು. ದುರ್ಬೀನಮ್ಮ ಇನ್ನೊಂದು ಸೀಸೆಯತ್ತ ಬೆರಳು ತೋರಿದರು. ಅದು ಗ್ರಾಹಿಯ ಗೊಡವೆಗೇ ಹೋಗದೆ ನೇರ ಕೋಶದೊಳಗೆ ಕೆಲಸ ಮಾಡುವ ರಾಸಾಯನಿಕ. ಅದನ್ನು ಹಾಕಿದ್ದೇ ತಡ, ಪುಟ್ಟನ ಕೋಶಗಳೂ ಬೆಳಗಿದವು. ಇದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಎಂದು ಕೇಳುವ ಧೈರ್ಯ ಅಕ್ಕನಿಗಿರಲಿಲ್ಲ.

ಮರುದಿನ ಎಲ್ಲರೂ ಆಸ್ಪತ್ರೆಯ ಸಭಾಕೋಣೆಯಲ್ಲಿ ಸೇರಿದರು. ಡಾಕ್ಟರು, ಅಧಿಕಾರಿ, ತಂಗಿ, ಅವಳ ಗಂಡ. ಅಕ್ಕ ಬಾಗಿಲ ಹತ್ತಿರ ಕೂತಳು.

"ಅಪರಾಧಿ ಈ ಕೋಣೆಯಲ್ಲಿಲ್ಲ," ಎಂದು ದುರ್ಬೀನಮ್ಮ ಶುರುಮಾಡಿದರು. "ಮಗುವಿನ ಕೋಶದೊಳಗೂ ಇಲ್ಲ. ಅದು ಅಲ್ಲಿ ಇಲ್ಲದಿರೋದೇ ಅಪರಾಧ."

ಡಾಕ್ಟರು ತಮ್ಮ ಪರೀಕ್ಷೆಯಲ್ಲಿ ಕೋಶಗಳು ಎಚ್ಚೆತ್ತಿದ್ದನ್ನು ನೆನಪಿಸಿದರು.

"ಯಾವುದರಿಂದ ಎಬ್ಬಿಸಿದ್ರಿ? ನೇರ ಕೋಶದೊಳಗೆ ಹೋಗೋ ರಾಸಾಯನಿಕದಿಂದ ತಾನೇ? ಅಲ್ಲಾ ಸ್ವಾಮಿ, ಕರೆಗಂಟೆ ಕೆಟ್ಟಿದೆಯಾ ನೋಡೋಕೆ ಹೋಗಿ, ಹಿತ್ತಲ ಬಾಗಿಲಿಂದ ನುಗ್ಗಿ ಮಲಗಿದವರನ್ನ ಅಲ್ಲಾಡಿಸಿ ಬಂದಿರಿ. ಅವರೇನೋ ಎದ್ರು. ಗಂಟೆ ಸರಿಯಿದೆ ಅಂತ ಬರೆದುಬಿಟ್ರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಗ್ರಾಹಿಗೆ ರೋಗಾಣುವಿನ ಸುಳಿವು ಸಿಕ್ಕರೂ ಸುದ್ದಿ ತಾನಾಗಿ ಒಳಗೆ ಹೋಗುವುದಿಲ್ಲ ಎಂದು ದುರ್ಬೀನಮ್ಮ ವಿವರಿಸಿದರು. ಅದನ್ನು ದಾಟಿಸುವವು ಟೈರೋಸಿನ್ ಕೈನೇಸ್ ಎಂಬ ಪ್ರೋಟೀನುಗಳು. ಒಂದು ಇನ್ನೊಂದಕ್ಕೆ ಫಾಸ್ಫೇಟಿನ ಗುರುತು ಅಂಟಿಸುತ್ತಾ ಕೈಯಿಂದ ಕೈಗೆ ಸುದ್ದಿ ಮುಟ್ಟಿಸುತ್ತವೆ. ಬಾಗಿಲಲ್ಲಿನ ಗ್ರಾಹಿ, ಕೋಶದ ಒಳಮನೆ ಎರಡೂ ಸರಿಯಿದ್ದ ಮೇಲೆ ತಪ್ಪು ನಡುವಿನವರದೇ. ಅಲ್ಲಿ ಮುಖ್ಯವಾಗಿ ಇಬ್ಬರು. ರಾತ್ರಿ ಕೋಶಗಳ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡಿದಾಗ ಮೊದಲನೆಯ ಎಲ್‌ಸಿಕೆ ಹಾಜರಿತ್ತು. ಎರಡನೆಯ ಜ್ಯಾಪ್-೭೦ ಅಕ್ಕನ ಕೋಶಗಳಲ್ಲಿ ಕಪ್ಪು ಗೆರೆಯಾಗಿ ಮೂಡಿತ್ತು, ಪುಟ್ಟನಲ್ಲಿ ಅದರ ಸುಳಿವೇ ಇರಲಿಲ್ಲ.

"ಹಾಗಿದ್ರೆ ಟಿ ಕೋಶಗಳೇ ಬೆಳೀಬಾರದಿತ್ತಲ್ಲ?" ಎಂದರು ಡಾಕ್ಟರು. ದನಿ ತಗ್ಗಿತ್ತು.

"ಅದೇ ಅಲ್ವೇ ನಿಮ್ಮನ್ನ ಯಾಮಾರಿಸಿದ್ದು." ಎದೆಯೊಳಗಿನ ಥೈಮಸ್ ಗ್ರಂಥಿ ಟಿ ಕೋಶಗಳ ಶಾಲೆ, ಗ್ರಾಹಿಯ ಸುದ್ದಿ ಒಳಗೆ ಮುಟ್ಟಿದವರಷ್ಟೇ ಅಲ್ಲಿ ಪಾಸು ಎಂದರು. "ಕೊಲ್ಲುವ ಕೋಶಗಳೆಲ್ಲ ಫೇಲು. ಸಹಾಯಕ ಕೋಶಗಳಿಗೆ ಸಿಕ್ ಅನ್ನೋ ಇನ್ನೊಂದು ಕೈನೇಸ್, ದೊಡ್ಡಪ್ಪನ ಮಗ ಅನ್ನಿ, ಶಾಲೇಲಿ ಜ್ಯಾಪ್ ಬದಲು ಹಾಜರಿ ಕೂಗಿಬಿಡ್ತು. ಶಾಲೆ ಬಿಟ್ಟ ಮೇಲೆ ಅವನೂ ಜೊತೆ ಬರೋದಿಲ್ಲ. ರಕ್ತದಲ್ಲಿ ತಲೆ ಎಣಿಸಿದ್ರೆ ಲೆಕ್ಕ ಸರಿ, ಕೆಲಸಕ್ಕೆ ಒಬ್ಬರೂ ಇಲ್ಲ."

ಎಲ್ಲರ ಮನೆಯ ನೀರು, ಮಣ್ಣಿನಲ್ಲಿರುವ ಸಾಧು ಸೂಕ್ಷ್ಮಾಣು ಈ ಮಗುವಿನ ರಕ್ತಕ್ಕೆ ಇಳಿದದ್ದು ಹಾಗೆ. ಅದನ್ನು ಯಾರೂ ಹಾಕಬೇಕಿರಲಿಲ್ಲ. ತಾಯಿ ಹತ್ತಿರವೇ ಇಲ್ಲದಾಗ ಮೊದಲ ಮಗು ಕಾಯಿಲೆ ಬಿದ್ದದ್ದೂ ಹಾಗೇ ಇರಬೇಕು.

ತಂಗಿ ಇಷ್ಟು ಹೊತ್ತೂ ಮಡಿಲಲ್ಲಿದ್ದ ಕೈ ನೋಡುತ್ತಿದ್ದಳು. "ನನ್ನಿಂದಲೇ ಬಂತಾ?"

"ಅರ್ಧ ನಿನ್ನಿಂದ, ಅರ್ಧ ನಿನ್ನ ಗಂಡನಿಂದ, ಎರಡೂ ಸೇರಿದ್ರೇನೇ ಕಾಯಿಲೆ. ಒಂದೇ ಅಜ್ಜ ಅಜ್ಜಿಯಿಂದ ಇಬ್ಬರಿಗೂ ಬಂದಿರೋದು. ಕೇಳಿ ಪಡೆದದ್ದಲ್ಲಮ್ಮ."

ಅಧಿಕಾರಿ ದೂರನ್ನು ಹಿಂದಕ್ಕೆ ಪಡೆಯಲು ಡಾಕ್ಟರಿಗೆ ಹೇಳಿದರು. ಡಾಕ್ಟರು ಎದ್ದು ತಂಗಿಯೆದುರು ನಿಂತು ಕ್ಷಮೆ ಕೇಳಿದರು. ಕಸಿ ಮಾಡಲು ಹೊಂದುವ ಅಸ್ಥಿಮಜ್ಜೆ ಸಿಗುವವರೆಗೆ ಮಗುವನ್ನು ಸೋಂಕು ತಗುಲದಂತೆ ಕಾಯಬೇಕು, ಸಿಕ್ಕರೂ ಬದುಕುತ್ತದೆಂದು ಮಾತು ಕೊಡಲಾರೆ ಎಂದರು ದುರ್ಬೀನಮ್ಮ. ಅಕ್ಕನ ಹೆದರಿಕೆ ಹೋಗಲಿಲ್ಲ, ದಿಕ್ಕು ಬದಲಿಸಿತು.

ಸಂಜೆ ಅಕ್ಕ ಆ ಗಾಜಿನ ಮುಂದೆ ಹೋಗಿ ನಿಂತಳು. ಈಗ ಒಳಗಿದ್ದವಳು ತಂಗಿ. ಮುಖಗವಸು, ನಿಲುವಂಗಿ ತೊಟ್ಟು ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ತಂಗಿಯ ಪ್ರಶ್ನೆಗೆ ಹಿಂದಿನ ದಿನ ಹೇಳಬೇಕಿದ್ದ 'ಅಲ್ಲ' ಎಂಬ ಮಾತನ್ನು ಅಕ್ಕ ಇನ್ನೂ ಹೇಳಿರಲಿಲ್ಲ. ಗಾಜಿನಾಚೆಗೆ ಅದು ಕೇಳಿಸುವಂತೆಯೂ ಇರಲಿಲ್ಲ.

ತಂಗಿ ಅವಳನ್ನು ಗುರುತಿಸಿ ಹತ್ತಿರ ಬಂದಳು. ಆಮೇಲೆ ಹುಬ್ಬೇರಿಸಿ, ಬಿಡುವಿದ್ದ ಕೈಯ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ತೋರಿಸಿದಳು: ಕೈ ತೊಳೆದ್ಯಾ?

ಅಕ್ಕ ನಲ್ಲಿಯ ಕಡೆ ನಡೆದಳು.