ಏಣಿಯಿಲ್ಲದೆ ಏರಿಸಿದ ದೀಪ

"ಕೆಳಗ ಇಳೀರಿ. ಮೊದಲ ಕೆಳಗ ಇಳೀರಿ ಅಂತೇನಿ."

ಬುದ್ಧ ವಿಹಾರದ ತಗಡಿನ ಮಾಡಿಗೆ ಏಣಿ ಹಾಕಿ ಹತ್ತುತ್ತಿದ್ದ ಮಚ್ಛೇಂದ್ರ ಬೆಚ್ಚಿ ತಿರುಗಿದ. ಕೆಳಗೆ ಒಬ್ಬ ಹುಡುಗಿ ಏಣಿಯ ಕಾಲನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಕಣ್ಣಲ್ಲಿ ಸಿಟ್ಟು.

ಅವಳು ಕೇಶರ, ಆ ಹಳ್ಳಿಯ ಅಂಗನವಾಡಿ ಟೀಚರ್. ನಾಲ್ಕು ವರ್ಷದ ಹಿಂದೆ ಬುದ್ಧ ಪೂರ್ಣಿಮೆಗೆ ಇದೇ ಮಾಡಿಗೆ ದೀಪದ ಸರ ಕಟ್ಟಲು ಹೋಗಿ ಅವಳ ಅಪ್ಪ ಏಣಿಯಿಂದ ಬಿದ್ದು ತೀರಿಕೊಂಡಿದ್ದ. ಭಾಲ್ಕಿಯ ಯುನುಸನ ಮೈಕ್ ಅಂಗಡಿಯಿಂದ ಕೆಲಸಕ್ಕೆ ಬಂದ ಮಚ್ಛೇಂದ್ರನಿಗೆ ಅದೆಲ್ಲಿ ಗೊತ್ತು? ಅವಳ ತಾಯಿ ಶಾಲುಬಾಯಿ ಮೆಲ್ಲಗೆ ವಿಷಯ ತಿಳಿಸಿದಳು. ಅವನು ಮರುಮಾತಾಡದೆ ಇಳಿದು, ಏಣಿ ತೆಗೆದುಕೊಂಡು ಹೊರಟುಹೋದ.

ಮುನಿಸಿಕೊಂಡು ಹೋದ ಎಂದುಕೊಂಡಳು ಕೇಶರ. ಪಾಪ, ಅವನು ಮುನಿಯುವ ಜಾತಿಯೇ ಅಲ್ಲ!

ಮರುದಿನ ಬಂದ. ಕೈಯಲ್ಲಿ ಉದ್ದನೆಯ ಬಿದಿರ ಕೋಲು, ಚೀಲದ ತುಂಬ ಕೆಟ್ಟ ರೇಡಿಯೋಗಳ ಸ್ಪೀಕರಿನಿಂದ ಕಿತ್ತ ಸಣ್ಣ ಸಣ್ಣ ಚುಂಬಕ. ಒಂದೊಂದಕ್ಕೂ ಬಟ್ಟೆ ಸುತ್ತಿ, ದಾರದಿಂದ ದೀಪದ ಸರಕ್ಕೆ ಕಟ್ಟಿದ. ಕೋಲಿನ ತುದಿಯ ಸೀಳಿಗೆ ಸಿಕ್ಕಿಸಿ ಎತ್ತಿದರೆ ಸಾಕು, ಚುಂಬಕ ಟಕ್ಕನೆ ತಗಡಿಗೆ ಅಂಟಿಕೊಳ್ಳುತ್ತಿತ್ತು. ವೈರು ಚುಂಬಕದಡಿ ಸಿಕ್ಕಿ ಜಜ್ಜಿಹೋಗಬಾರದು, ಎಲ್ಲ ಹಾಕಿದ ಮೇಲೆಯೇ ಪ್ಲಗ್ ಚುಚ್ಚಬೇಕು ಎಂದು ಅವಳಿಗೂ ಕಲಿಸಿದ.

"ಇನ್ನ ಯಾರೂ ಮ್ಯಾಲ ಹತ್ತೋದು ಬ್ಯಾಡರಿ," ಎಂದ ಅಷ್ಟೇ.

ನಾಲ್ಕು ವರ್ಷ ಎಲ್ಲರೂ ಕೇಶರಳಿಗೆ ಸಮಾಧಾನ ಹೇಳಿದ್ದರು. ಅವಳ ಭಯಕ್ಕೆ ಒಂದು ದಾರಿ ಹುಡುಕಿದವನು ಇವನೊಬ್ಬನೇ.

ಅದು 2016, ಬರದ ಮೇಲೆ ಬರ ಬಿದ್ದ ವರ್ಷ. ಅವಳ ಓಣಿಯ ಹದಿನಾಲ್ಕು ಮನೆಗಳಲ್ಲಿ ಹನ್ನೊಂದಕ್ಕೆ ಬೀಗ. ಪುಣೆಗೆ ಕೆಲವರು, ಹೈದರಾಬಾದಿಗೆ ಕೆಲವರು. ಅಂಗನವಾಡಿಯಲ್ಲಿ ಉಳಿದ ಮಕ್ಕಳು ಮೂರೇ ಮೂರು. ಅವಳ ಅಣ್ಣ ಹೋದ, ಗೆಳತಿ ಈರಮ್ಮ ಹೋದಳು. ಹೋಗಬೇಡಿ ಎಂದು ಕೇಶರ ಯಾರಿಗೂ ಹೇಳಲಿಲ್ಲ. ಹೊಟ್ಟೆಪಾಡಿಗೆ ಹೊರಟವರನ್ನು ತಡೆಯಲು ನಾನು ಯಾರು? ಹಾಗೆಂದುಕೊಂಡೇ ಒಬ್ಬೊಬ್ಬರನ್ನೂ ಬಸ್ಸಿನ ತನಕ ಕಳಿಸಿ ಬರುತ್ತಿದ್ದಳು.

ಮಚ್ಛೇಂದ್ರ ಮಾತ್ರ ಪ್ರತಿ ಮಂಗಳವಾರ ಬರುತ್ತಿದ್ದ. ವಿಹಾರದ ಕೆಡದ ಬಲ್ಬನ್ನೇ ರಿಪೇರಿ ಮಾಡಿ, ಅವಳ ಮನೆಯಲ್ಲಿ ಚಹಾ ಕುಡಿದು ಹೋಗುತ್ತಿದ್ದ. ಶಾಲುಬಾಯಿಗೆ ಎಲ್ಲ ತಿಳಿಯುತ್ತಿತ್ತು, ಆದರೆ ತಿಳಿಯದವಳಂತೆ ಇದ್ದಳು.

ಒಂದು ವಾರ ಅವನು ಬರಲಿಲ್ಲ. ಮುಂದಿನ ಮಂಗಳವಾರ ಸಂಜೆ ಕೇಶರ ಕೋಲು ಹಿಡಿದು, ವಿಹಾರದ ದೀಪದ ಸರವನ್ನು ತನ್ನ ಮನೆಯ ಬಾಗಿಲ ಮೇಲಿನ ತಗಡಿಗೇ ಏರಿಸಿದಳು. ದಾರಿಯಲ್ಲಿ ಹೋಗುವವನಿಗೆ ಕಾಣಲಿ... ಬಾಯಿಂದ ಹೇಳಲಾರದ್ದು ದೀಪದಿಂದಲಾದರೂ ತಿಳಿಯಲಿ...

ದೂರದಲ್ಲಿ ಅವನ ಸ್ಕೂಟರ್ ನಿಂತಿತು. ಒಂದು ಗಳಿಗೆ ನಿಂತು, ತಿರುಗಿ ಹೋಯಿತು.

ಅವಳ ಎದೆ ಒಡೆಯಿತು. ಬಂದ ದಾರಿಗೆ ಸುಂಕವಿಲ್ಲದಂತೆ ಹೋದನಲ್ಲ!

ಎರಡು ವಾರ ತಡೆದಳು. ಮೂರನೆಯ ವಾರ ಭಾಲ್ಕಿಯ ಅಂಗಡಿಗೆ ಹೋದಾಗ ಯುನುಸ ಕಣ್ಣರಳಿಸಿದ. ಪುಣೆಯಲ್ಲಿದ್ದ ತನ್ನ ಅಣ್ಣ ಎಷ್ಟು ಕರೆದರೂ ಹೋಗದಿದ್ದ ಮಚ್ಛೇಂದ್ರ ಇವತ್ತು ಮಧ್ಯಾಹ್ನದ ರೈಲಿಗೆ ಹೊರಟಿದ್ದ.

"ನಿಮ್ಮ ಲಗ್ನ ಅದ ಅಂತಲ್ಲಾ ಕೇಶರಬಾಯಿ," ಎಂದ ಯುನುಸ. "ಮನಿಗಿ ದೀಪ ಹಾಕೀರಿ ಅಂತ ಮಚ್ಛೇಂದ್ರ ಹೇಳ್ದ."

ಕೇಶರಳಿಗೆ ಆಗ ಅರ್ಥವಾಯಿತು. ಹಬ್ಬವಿಲ್ಲದ ದಿನ ಬಾಗಿಲಿಗೆ ದೀಪದ ಸರ ಕಂಡರೆ ಆ ಕಡೆ ಅದು ಮದುವೆಯ ಮನೆಯೇ. ಚಿಕ್ಕ ಮಕ್ಕಳಿಗೂ ಗೊತ್ತು. ಅವಳಿಗೊಬ್ಬಳಿಗೇ ಅವತ್ತು ಹೊಳೆದಿರಲಿಲ್ಲ!

ಸ್ಟೇಷನ್ನಿನ ತುಂಬ ಗಂಟುಮೂಟೆ, ಕೊಡ, ಒಲೆ ಹೊತ್ತ ಜನ. ಅವರ ನಡುವೆ ಒಂದು ಚೀಲದ ಮೇಲೆ ಕುಳಿತಿದ್ದ ಮಚ್ಛೇಂದ್ರ. ಅವಳನ್ನು ಕಂಡು ಎದ್ದು, ಮುಖ ತಗ್ಗಿಸಿದ.

"ಲಗ್ನ ಯಾವಾಗರಿ?"

"ಯಾರ ಲಗ್ನಾನೂ ಇಲ್ಲ. ನಿಮಗ ಕಾಣ್ಲಿ ಅಂತ ಹಾಕಿದ್ದೆ. ನಿಮಗ ಒಬ್ಬರಿಗೇ."

ರೈಲು ದೂರದಲ್ಲಿ ಕೂಗಿತು. ಜನ ಮೂಟೆಗಳನ್ನು ಎತ್ತಿಕೊಂಡರು.

ಇದುವರೆಗೆ ಯಾರಿಗೂ ಹೇಳದ ಮಾತು ಕೇಶರಳ ನಾಲಿಗೆಯ ತುದಿಗೆ ಬಂದಿತ್ತು.

"ಹೋಗಬ್ಯಾಡ್ರಿ," ಎಂದಳು.

"ಈ ವರ್ಷ ಇಲ್ಲಿ ಬದುಕೋದು ಕಷ್ಟ ಅದ ಕೇಶರ."

"ಗೊತ್ತದ. ಆದ್ರೂ ಹೋಗಬ್ಯಾಡ್ರಿ."

ರೈಲು ಬಂತು, ನಿಂತಿತು, ಹೋಯಿತು. ಪ್ಲಾಟ್‌ಫಾರ್ಮ್ ಖಾಲಿಯಾಯಿತು. ಮಚ್ಛೇಂದ್ರ ಅಲ್ಲೇ ಇದ್ದ. ಅವಳಿಗೆ ತಡೆಯಲಾಗದೆ ಅಳು ಬಂತು.

ಅವನು ಚೀಲ ಹೆಗಲಿಗೇರಿಸಿ, ಅಳು ನಿಲ್ಲುವ ತನಕ ಕಾದ.

"ನಿಮ್ಮವ್ವಗ ಏನ್ ಹೇಳ್ತೀರಿ?"

"ನೀವೇ ಹೇಳ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಇವತ್ತಿಗಿ ಭಾಳ ಮಾತಾಡೀನಿ."